ಕರೆದದ್ದು ಯಾರನ್ನು?

ಫಬೇರಿಯಸ್ಸನಿಗೆ ಬಾಯಿ ಸ್ವಲ್ಪ ಉದ್ದ. ರೋಮಿನ ಸುಬುರಾ ಕೇರಿಯ ಇಳಿಜಾರಿನಲ್ಲಿ ಬಟ್ಟೆ ಬಿಳಿ ಮಾಡುವ ಕಸುಬಿನವರೆಲ್ಲ ಹಾಗೆಯೇ. ಕೊಳೆ ಬಿಡಿಸಲೆಂದು ಊರಿನವರ ಉಚ್ಚೆ ತುಂಬಿದ ತೊಟ್ಟಿಯಲ್ಲಿ ದಿನವಿಡೀ ನಿಂತು ದೊಡ್ಡವರ ಬಟ್ಟೆ ತುಳಿಯುವವನು ಮಾತಿನಲ್ಲಾದರೂ ಒಂದು ಕೈ ಮೇಲಿರಬೇಡವೇ? ಅವನ ಹೆಂಡತಿ ಮೇಕಿಯಾ ಆ ಬಾಯಿಯನ್ನು ಮೆಚ್ಚಿಯೇ ಅವನನ್ನು ಕಟ್ಟಿಕೊಂಡವಳು. ಆಮೇಲೆ ಅದೇ ಬಾಯಿಗೆ ಹೆದರಿಕೊಂಡು ಸಂಸಾರ ಮಾಡಿದವಳು.

ಹಬ್ಬದ ಹಿಂದಿನ ದಿನ ಅಂಗಡಿಯ ಮುಂದಿನ ಒಣಹಾಕುವ ಹಗ್ಗ ಹರಿಯಿತು. ಕೈಯಲ್ಲಿ ಒಬ್ಬ ಸೆನೆಟರನ ತೊಯ್ದ ಟೋಗ, ದೊಡ್ಡವರು ಮೈಗೆ ಸುತ್ತಿಕೊಳ್ಳುವ ಬಿಳಿ ಉದ್ದಬಟ್ಟೆ, ಸಂಜೆಗೆ ಕೊಡಬೇಕಾದದ್ದು. ಫಬೇರಿಯಸ್ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಕೂಡುರಸ್ತೆಗೆ ಹೋದ. ಅಲ್ಲಿನ ಗುಡಿಕಟ್ಟೆಯ ಪಕ್ಕ ಸೀಸರರ ಕಲ್ಲಿನ ವಿಗ್ರಹವಿದೆ. ಅದರ ಚಾಚಿದ ಬಲಗೈ ಮೇಲೆ ಟೋಗವನ್ನು ಹರಡಿದ. ಹೊಸ ಕೆಲಸವೇನಲ್ಲ. ಅವನ ಅಪ್ಪ ಹರಡುತ್ತಿದ್ದ, ಅಜ್ಜ ಹರಡುತ್ತಿದ್ದ. ಆ ಕಲ್ಲಿನ ಕೈ ಬಿಸಿಲಿಗೆ ಸರಿಯಾಗಿ ಚಾಚಿಕೊಂಡಿತ್ತು, ಬಟ್ಟೆ ಒಣಹಾಕಲೆಂದೇ ಕಡೆದ ಹಾಗೆ.

ವಿಗ್ರಹ ಮೊದಲ ಸೀಸರರ ಕಾಲದ್ದು. ಅವರು ಕೇರಿ ಕೇರಿಗೂ ಗುಡಿಕಟ್ಟೆ ಕಟ್ಟಿಸಿಕೊಟ್ಟಿದ್ದರು. ನಾನು ಯಾರ ಯಜಮಾನನೂ ಅಲ್ಲ, ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ನಿಂತ ಪ್ರಜೆ ಅಷ್ಟೇ ಎನ್ನುತ್ತಿದ್ದರಂತೆ. ಕೇರಿಯವರು ಆ ಮಾತನ್ನು ನಂಬಿ ವಿಗ್ರಹವನ್ನು ಮನೆಯವನಂತೆ ನೋಡಿಕೊಂಡರು. ಹೂ ಹಾಕಿದರು, ಅದರ ಮೊಣಕೈಗೆ ಹಾಲಿನ ಗಡಿಗೆ ತಗುಲಿಸಿದರು, ಬಟ್ಟೆ ಒಣಗಿಸಿದರು. ಆಮೇಲೆ ಸೀಸರರು ಬದಲಾದಾಗಲೆಲ್ಲ ಕಲ್ಲುಕುಟಿಗರು ಬಂದು ತಲೆಯೊಂದನ್ನು ಮಾತ್ರ ಕಿತ್ತು ಹೊಸದನ್ನು ಕೂರಿಸಿ ಹೋಗುತ್ತಿದ್ದರು. ಮೈ ಅದೇ, ಕೈ ಅದೇ.

"ಏನೋ ಫಬೇರಿಯಸ್, ಸೀಸರ್‌ಗೇ ಬಟ್ಟೆ ಹಿಡ್ಕೊಂಡಿರು ಅಂತ ಕೊಟ್ಬಿಟ್ಯಲ್ಲೋ!" ಎಂದು ಯಾರೋ ಛೇಡಿಸಿದರು.

"ತಲೆ ಮಾತ್ರ ಈಗಿನೋರ್ದು ಕಣಪ್ಪ," ಎಂದ ಫಬೇರಿಯಸ್. "ಕೈ ಹಳೇ ಯಜಮಾನ್ರದು. ಅವ್ರು ಬೇಡ ಅನ್ನೋರಲ್ಲ, ಬಿಡು."

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಟೋಗ ಅರ್ಧ ಒಣಗುವಷ್ಟರಲ್ಲಿ ನಗರಾಧಿಕಾರಿಯ ಸೈನಿಕರು ಬಂದು, ಬಟ್ಟೆ ಬಿಳುಪಿಸುವ ಸುಣ್ಣದ ಪುಡಿ ಮೆತ್ತಿದ ಕೈಗಳನ್ನೇ ಹಿಂದಕ್ಕೆ ತಿರುಚಿ, ಫಬೇರಿಯಸ್ಸನನ್ನು ಎಳೆದುಕೊಂಡು ಹೋದರು. ತಪ್ಪು ಎರಡು: ಸೀಸರರ ಮೈಯನ್ನು ಗೂಟದಂತೆ ಬಳಸಿದ್ದು, ಸೀಸರರ ತಲೆಯನ್ನೂ ಕೈಯನ್ನೂ ಮಾತಿನಲ್ಲಿ ಬೇರೆ ಮಾಡಿದ್ದು.

ಮರುದಿನ ಬೆಳಿಗ್ಗೆ ಪಕ್ಕದ ಬೇಳೆ ಅಂಗಡಿಯ ಟೆಟ್ಟಿಯಾ ಏದುಸಿರು ಬಿಡುತ್ತ ಬಂದು ಸುದ್ದಿ ಹೇಳಿದಳು. ವಿಚಾರಣೆ ಮುಗಿದಿತ್ತು. ಮಧ್ಯಾಹ್ನದೊಳಗೆ ತಲೆ ತೆಗೆಯುತ್ತಾರೆ.

ಮೇಕಿಯಾಳಿಗೆ ಅಳು ಬರಲಿಲ್ಲ. ತೊಟ್ಟಿಯ ಅಂಚನ್ನು ಹಿಡಿದುಕೊಂಡು ನಿಂತಳು. ನಿನ್ನೆ ಅವನು ಅರ್ಧಕ್ಕೆ ಬಿಟ್ಟುಹೋದ ಬಟ್ಟೆಗಳು ಅದರಲ್ಲಿ ನೆನೆಯುತ್ತಲೇ ಇದ್ದವು.

"ನಿಂತ್ಕೊಂಡ್ರೆ ಏನ್ ಬಂತೇ? ಅರಮನೆ ಬೆಟ್ಟಕ್ಕೆ ಓಡು," ಎಂದಳು ಟೆಟ್ಟಿಯಾ. "ಅಲ್ಲಿ ಸೀಸರ್ ಮನೆ ಆಳುಗಳಿದಾರೆ, ಅವ್ರಲ್ಲಿ ಯಾರ ಕಾಲಾದ್ರೂ ಹಿಡ್ಕೋ."

"ಅವ್ರು ಬರಿಗೈಲಿ ಹೋದೋರ್ನ ನಾಯಿ ಬಿಟ್ಟು ಓಡಿಸ್ತಾರೆ."

"ಮತ್ತೇನ್ ಮಾಡ್ತೀಯ, ಮನೇಲಿ ಕೂತು ಗಂಜಿ ಕಾಯಿಸ್ತೀಯಾ?"

ಆಗ ಮೇಕಿಯಾ ಆ ಮಾತು ಆಡಿದಳು. ಆ ಊರಿನಲ್ಲಿ ಆಗ ಯಾರ ಬಾಯಲ್ಲೂ ಬರುತ್ತಿರಲಿಲ್ಲ ಅದು. "ಟ್ರಿಬ್ಯೂನರ ಹತ್ರ ಹೋಗ್ತೀನಿ," ಎಂದಳು.

ಟೆಟ್ಟಿಯಾ ಬಾಯಿ ಬಿಟ್ಟುಕೊಂಡು ನೋಡಿದಳು. "ನಿನ್ಗೆ ತಲೆ ಕೆಟ್ಟಿದೆ. ಆ ಹತ್ತು ಜನ ಇರೋದು ಆಟದ ದಿನ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟೋಕೆ ಕಣೇ!"

ಮೇಕಿಯಾಳಿಗೆ ತಲೆ ಕೆಟ್ಟಿರಲಿಲ್ಲ, ತಾತನ ಕತೆ ತಲೆಯಲ್ಲಿತ್ತು. ಸೀಸರರೇ ಇಲ್ಲದ ಕಾಲದಲ್ಲಿ ತಾತನ ಅಪ್ಪನನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಲು ಆಗ ಊರಿಗೇ ದೊಡ್ಡ ಅಧಿಕಾರಿಯಾಗಿದ್ದ ಕಾನ್ಸಲನ ಆಳುಗಳು ಕತ್ತು ಹಿಡಿದು ಎಳೆದೊಯ್ಯುತ್ತಿದ್ದರಂತೆ. ಅವನು "ಟ್ರಿಬ್ಯೂನರೇ!" ಎಂದು ಕೂಗಿದನಂತೆ. ಕ್ಷೌರದವನ ಅಂಗಡಿಯಿಂದ ಒಬ್ಬ ಮನುಷ್ಯ ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಎದ್ದು ಬಂದು ನಡುವೆ ನಿಂತು "ತಡೆ" ಎಂದನಂತೆ. ಅಷ್ಟಕ್ಕೇ ಕಾನ್ಸಲ್ ಹಿಂದೆ ಸರಿದನಂತೆ. ಬಡವರ ಕಾವಲಿಗೆಂದು ವರ್ಷಕ್ಕೆ ಹತ್ತು ಮಂದಿ. ಅವರ ಮನೆ ಬಾಗಿಲು ಹಗಲೂ ರಾತ್ರಿ ತೆರೆದೇ ಇರಬೇಕು. ಪ್ರಜೆ ಕೂಗಿದರೆ ಬರಲೇಬೇಕು. ಅವರ ಮೈಮೇಲೆ ಯಾರೂ ಕೈ ಹಾಕುವಂತಿಲ್ಲ. ಈ ಕತೆಯನ್ನು ತಾತ ಹೇಳಿದ್ದು ಒಂದು ಸಲವೇ? ಮುದುಕನಿಗೆ ಬೇರೆ ಕತೆಯೇ ಗೊತ್ತಿರಲಿಲ್ಲ. ರೋಮಿನವರು ಹಳೆಯದನ್ನು ಎಸೆಯುವುದಿಲ್ಲ. ಒಳಗಿನದನ್ನು ತೆಗೆದುಕೊಂಡು ಚಿಪ್ಪನ್ನು ಇದ್ದ ಜಾಗದಲ್ಲೇ ಇಡುತ್ತಾರೆ. ಮೇಕಿಯಾ ಚಿಪ್ಪನ್ನು ನೋಡಿ ಕಾಯಿ ಎಂದುಕೊಂಡಳು. ಅವಳನ್ನು ಏಕೆ ಬೈಯಬೇಕು, ಊರೇ ಹಾಗಿತ್ತು.

ಟ್ರಿಬ್ಯೂನರ ಮನೆಗಳಿದ್ದ ಅವೆಂಟೈನ್ ಗುಡ್ಡ ಹತ್ತುವಾಗ ಅವಳ ಚಪ್ಪಲಿಯ ಬಾರು ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟು ಓಡಿದಳು. ಕೇಳಿದ ಮೊದಲ ಮನೆಯ ಟ್ರಿಬ್ಯೂನರು ಬೇಸಿಗೆ ಮನೆಗೆ ಹೋಗಿದ್ದರು. ಟ್ರಿಬ್ಯೂನನಾದವನು ಊರು ಬಿಟ್ಟು ಒಂದು ರಾತ್ರಿಯೂ ಹೊರಗಿರಬಾರದೆಂಬ ಕಾನೂನು ಅವರಿಗೆ ಯಾರೂ ನೆನಪಿಸಿರಲಿಲ್ಲ. ಎರಡನೆಯವರ ಆಳು, ಯಜಮಾನರು ಸ್ನಾನದಲ್ಲಿದ್ದಾರೆ ಎಂದ. ರೋಮಿನಲ್ಲಿ ಸ್ನಾನವೆಂದರೆ ಮಧ್ಯಾಹ್ನದ ಮೇಲೆ, ಇಷ್ಟು ಬೆಳಿಗ್ಗೆ ಯಾರೂ ಮಾಡುವುದಿಲ್ಲ. ಮೂರನೆಯ ಮನೆ ನುಮೀಸಿಯಸ್ ಎಂಬವನದು. ಬಾಗಿಲು ತೆರೆದೇ ಇತ್ತು. ಹೊಸ್ತಿಲಿಗೆ ಅಡ್ಡಲಾಗಿ ಮಲಗಿದ್ದ ಮುದಿ ನಾಯಿ ಅವಳನ್ನು ನೋಡಿ ತಲೆ ಕೂಡ ಎತ್ತಲಿಲ್ಲ.

ನುಮೀಸಿಯಸ್ ಮೂವತ್ತು ದಾಟದ, ಆಗಲೇ ಕೂದಲು ತೆಳ್ಳಗಾದ ಮನುಷ್ಯ. ಜೇನು ಬೆರೆಸಿದ ದ್ರಾಕ್ಷಾರಸದಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದ. ಕೆದರಿದ ಕೂದಲಿನ, ಒಂಟಿ ಚಪ್ಪಲಿಯ ಹೆಂಗಸು ಒಳಗೆ ನುಗ್ಗಿದ್ದನ್ನು ನೋಡಿ ಸೌಜನ್ಯದಿಂದಲೇ ಕೇಳಿದ:

"ಏನಮ್ಮ, ಕೋಳಿ ಕಳೆದು ಹೋಯ್ತಾ? ಕೋಳಿ ವಿಷಯ ಬೀದಿ ಅಧಿಕಾರಿ ಹತ್ರ ಹೇಳ್ಬೇಕು, ಎಡಕ್ಕೆ ಮೂರನೇ ಮನೆ."

ಮೇಕಿಯಾ ಅವನ ಮೊಣಕಾಲು ಹಿಡಿದುಕೊಂಡಳು. "ಟ್ರಿಬ್ಯೂನರೇ! ನಿಮ್ಮನ್ನ ಕರೀತಾ ಇದ್ದೀನಿ! ನನ್ನ ಗಂಡನ್ನ ಸಾಯಿಸ್ತಾರೆ, ಬಂದು ತಡೀರಿ!"

ಅವನ ಕೈಯಲ್ಲಿದ್ದ ರೊಟ್ಟಿ ಬಟ್ಟಲಿಗೆ ಬಿತ್ತು. ಈ ಪದವಿಗೆ ಬಂದಾಗಿನಿಂದ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ನಡೆದದ್ದನ್ನೆಲ್ಲ ಅಳುತ್ತ ಒಂದೇ ಉಸಿರಿಗೆ ಒದರಿದಳು. ಕೇಳುತ್ತ ಕೇಳುತ್ತ ಅವನ ಮುಖ ಸುಣ್ಣ ಬಳಿದಂತಾಯಿತು.

"ಎದ್ದೇಳಮ್ಮ. ಕೂತ್ಕೋ. ನೋಡು, ನಿನಗೆ ಯಾರೋ ತಪ್ಪು ಹೇಳಿದ್ದಾರೆ."

"ತಾತ ಹೇಳಿದ್ದು. ನೀವು ಅಡ್ಡ ನಿಂತ್ರೆ ಯಾರೂ ಮುಟ್ಟಂಗಿಲ್ಲ ಅಂತ."

"ನಿನ್ನ ತಾತ ಸತ್ತು ಎಷ್ಟು ವರ್ಷ ಆಯ್ತು?" ನುಮೀಸಿಯಸ್ ಎದ್ದು ಓಡಾಡತೊಡಗಿದ. "ಕೇಳಿಲ್ಲಿ. ಮೊದಲ ಸೀಸರರು ಬಂದಾಗ ನಂಗೆ ರಾಜ ಅನ್ನೋ ಹೆಸರು ಬೇಡ, ಸರ್ವಾಧಿಕಾರ ಬೇಡ, ಬಡವರನ್ನ ಕಾಯೋ ಟ್ರಿಬ್ಯೂನನ ಹಕ್ಕೊಂದು ಸಾಕು ಅಂದ್ರು. ಕೊಟ್ರು. ಜನ ಕುಣಿದಾಡಿಕೊಂಡು ಕೊಟ್ರು. ನಿನ್ನ ತಾತನೂ ಕುಣಿದಿರ್ಬೇಕು. ಒಂದು ವರ್ಷಕ್ಕಲ್ಲ, ಬದುಕಿರೋವರ್ಗೂ. ನಮ್ಮನ್ನ ಮುಟ್ಟಬಾರದು ಅನ್ನೋ ಕಾನೂನು ಇದ್ದಿದ್ದು ನಾವು ನಿಮ್ಮನ್ನ ಕಾಯ್ಲಿ ಅಂತ. ಈಗ ಅದು ಅವರನ್ನ ಮುಟ್ಟಬಾರದು ಅಂತ ಆಗಿದೆ. ಅವರನ್ನಷ್ಟೇ ಅಲ್ಲ, ಅವರ ಕಲ್ಲನ್ನೂ. ಎರಡನೇ ಸೀಸರರನ್ನ ಯಾರಾದ್ರೂ 'ಒಡೆಯಾ' ಅಂದ್ರೆ, ಹಾಗನ್ನೋದು ಗುಲಾಮರು, ನಾನು ನಿಮ್ಮೊಬ್ಬ ಪ್ರಜೆ ಅಂತ ರೇಗ್ತಿದ್ರಂತೆ. ಈಗಿನೋರು ಅನ್ನದೇ ಇದ್ರೆ ರೇಗ್ತಾರೆ. ನಾನು ಹೋಗಿ ಯಾರನ್ನ ತಡೀಲಿ? ನಿನ್ನ ಗಂಡನ್ನ ಹಿಡಿಸಿರೋದೇ ಆ ಹಕ್ಕು."

"ಹಂಗಾದ್ರೆ ನೀವು ಯಾಕಿದೀರಿ?"

ಮೇಕಿಯಾ ಚುಚ್ಚಬೇಕೆಂದು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಉತ್ತರ ಬಂದದ್ದು ಒಳಗಿನಿಂದ. ಅವನ ಹೆಂಡತಿ ಕ್ಲುವಿಯಾ ಸೊಂಟದ ಮೇಲೆ ಮಗು ಹೊತ್ತುಕೊಂಡು ಬಾಗಿಲ ಪರದೆಯ ಬಳಿ ನಿಂತು ಎಲ್ಲ ಕೇಳುತ್ತಿದ್ದಳು. ಒಳ್ಳೆಯ ಮನೆತನದವಳು, ಮೂಗಿನ ತುದಿಯಲ್ಲೇ ಸಿಟ್ಟು.

"ಹೇಳಿ, ಯಾಕಿದೀರಿ?" ಎಂದಳು. "ಚಳಿಗಾಲ ಪೂರ್ತಿ ಆ ಬಾಗಿಲು ತೆಗ್ದಿಟ್ಟು ಮಕ್ಕಳು ಕೆಮ್ಮಿ ಕೆಮ್ಮಿ ಸೊರಗಿ ಹೋದ್ವು. ಹಾಕ್ತೀನಿ ಅಂದ್ರೆ, 'ಬೇಡ, ಜನ ಬರಬಹುದು' ಅಂದ್ರಿ. ಈಗ ಬಂದಿದಾರಲ್ಲ."

"ಕ್ಲುವಿಯಾ, ನಿನಗೆ ಅರ್ಥ ಆಗ್ತಿಲ್ಲ..."

"ನಂಗೆ ಎಲ್ಲ ಅರ್ಥ ಆಗತ್ತೆ. ಹೋಗೋಕೆ ಧೈರ್ಯ ಇಲ್ಲ ಅಂದ್ರೆ ಇಲ್ಲ ಅನ್ನಿ. ಆದ್ರೆ ಆ ಹೆಂಗ್ಸಿಗೆ ಕಾನೂನಿನ ಪಾಠ ಮಾಡ್ಬೇಡಿ."

ಗಂಡಸರನ್ನು ಸಾವಿಗೆ ಕಳಿಸುವುದು ಎಷ್ಟು ಸುಲಭ. ಕ್ಲುವಿಯಾ ಸಾವಿಗೆ ಕಳಿಸುತ್ತಿದ್ದೇನೆಂದು ತಿಳಿದಿರಲಿಲ್ಲ, ಬೀದಿಯ ಕೊನೆಯವರೆಗೆ ಕಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ನುಮೀಸಿಯಸ್ ಅವಳನ್ನೊಮ್ಮೆ ನೋಡಿದ, ಮಗುವನ್ನು ನೋಡಿದ. ಒಳಗೆ ಹೋಗಿ ಟೋಗ ಸುತ್ತಿಕೊಂಡು ಬಂದ. ಸುತ್ತುವಾಗ ಎರಡು ಸಲ ಮಡಿಕೆ ತಪ್ಪಿತು.

ಇಳಿಜಾರಿನುದ್ದಕ್ಕೂ ಅವನು ತನ್ನಷ್ಟಕ್ಕೇ ಏನೋ ಗೊಣಗಿಕೊಳ್ಳುತ್ತಿದ್ದ. ಹೇಳಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದಾನೆ ಎಂದು ಮೇಕಿಯಾಳಿಗೆ ಆಮೇಲೆ ತಿಳಿಯಿತು. ಮಾತೆಂದರೆ ಒಂದೇ ಪದ. ಅಷ್ಟಕ್ಕೂ ಅಭ್ಯಾಸ ಬೇಕಾಗಿತ್ತು, ಪಾಪ.

ಊರ ನಡುವಿನ ಮೈದಾನವಾದ ಫೋರಮ್ಮಿನಲ್ಲಿ ಹಬ್ಬದ ಜನ. ಸೆರೆಮನೆಗೆ ಹೋಗುವ ಮೆಟ್ಟಿಲುಗಳ ಕೆಳಗೆ ಸೈನಿಕರು ಜಾಗ ಬಿಡಿಸಿದ್ದರು. ಫಬೇರಿಯಸ್ ಮಂಡಿಯೂರಿ ಕೂತಿದ್ದ. ಬೆನ್ನಿನ ಮೇಲೆ ಬಾರುಕೋಲಿನ ಗೆರೆಗಳಿಂದ ರಕ್ತ ಸೋರುತ್ತಿತ್ತು. ಬೆನ್ನು ಒಡೆದಿದ್ದನ್ನು ಮೇಕಿಯಾ ಸಹಿಸಿಕೊಂಡಳು. ಅವಳ ಎದೆ ಒಡೆದದ್ದು ಅವನು ಸುಮ್ಮನಿದ್ದದ್ದನ್ನು ನೋಡಿ. ಆ ಬಾಯಿ ಮುಚ್ಚಿಕೊಂಡಿದ್ದನ್ನು ಅವಳು ನೋಡಿದ್ದೇ ಇಲ್ಲ.

ಸೈನಿಕರ ನಾಯಕನಾದ ಶತಾಧಿಪತಿ ಅವನ ರಟ್ಟೆ ಹಿಡಿದು ಎಬ್ಬಿಸಲು ಹೋದ. ಆಗ ನುಮೀಸಿಯಸ್ ಜನರನ್ನು ಸರಿಸಿಕೊಂಡು ಮುಂದೆ ಬಂದು, ಇಬ್ಬರ ನಡುವೆ ನಿಂತ.

"ನಾನು ಟ್ರಿಬ್ಯೂನ್ ನುಮೀಸಿಯಸ್. ಈ ಪ್ರಜೆಯ ಪರವಾಗಿ ನನ್ನನ್ನು ಕರೆಯಲಾಗಿದೆ." ಉಸಿರು ಎಳೆದುಕೊಂಡ. "ತಡೆ!"

ಆ ಪದ ಕೇಳಿದ್ದೇ ತಡ ಫೋರಮ್ಮಿನ ಗದ್ದಲ ನಿಂತುಹೋಯಿತು. ಶತಾಧಿಪತಿಯ ಕೈ ತನ್ನಷ್ಟಕ್ಕೇ ಕೆಳಗೆ ಬಿತ್ತು. ಅವನೂ ಯಾವುದೋ ತಾತನ ಮೊಮ್ಮಗನೇ. ಗುಂಪಿನಲ್ಲಿದ್ದ ಒಬ್ಬ ಮುದುಕ ಮುಖ ಮುಚ್ಚಿಕೊಂಡು ಅತ್ತ. ಯಾರೋ "ಟ್ರಿಬ್ಯೂನ್!" ಎಂದು ಕೂಗಿದರು, ಇನ್ನೊಬ್ಬರು ಕೂಗಿದರು, ಆಮೇಲೆ ಇಡೀ ಮೈದಾನವೇ ಕೂಗತೊಡಗಿತು. ನುಮೀಸಿಯಸ್ಸನ ಬಾಗಿದ ಬೆನ್ನು ನೆಟ್ಟಗಾಯಿತು. ತೆಳ್ಳಗಿನ ಕೂದಲಿನ ಆ ಸಣ್ಣ ಮನುಷ್ಯ ಆ ಕ್ಷಣದಲ್ಲಿ ಎತ್ತರವಾಗಿ ಕಂಡ. ಮೇಕಿಯಾ ಸಂತೋಷದಿಂದ ಕಿರುಚಿದಳು. ತಾತ ಸುಳ್ಳು ಹೇಳಿರಲಿಲ್ಲ. ಲೋಕದಲ್ಲಿ ನ್ಯಾಯ ಇತ್ತು, ಯಾರೂ ಹೋಗಿ ಕರೆದಿರಲಿಲ್ಲ ಅಷ್ಟೇ ಎಂದು ಅವಳಿಗೆ ಅನ್ನಿಸಿತು.

ಪಕ್ಕದಲ್ಲಿ, ನೆರಳಿಗೆ ಹಾಕಿದ ಮಡಚುಕುರ್ಚಿಯಲ್ಲಿ, ಒಬ್ಬ ಮನುಷ್ಯ ಅಂಜೂರ ತಿನ್ನುತ್ತ ಕೂತಿದ್ದ. ಸೀಸರರ ಮನೆಯಲ್ಲಿ ಗುಲಾಮನಾಗಿದ್ದು ಬಿಡುಗಡೆ ಪಡೆದವನು, ಹೆಸರು ಹೆರ್ಮೆರೋಸ್. ಇಂಥ ಕಡೆಗಳಲ್ಲಿ ಕೂತು ನೋಡುವುದು, ನೋಡಿದ್ದನ್ನು ಬೆಟ್ಟದ ಮೇಲೆ ಹೇಳುವುದು ಅವನ ಕೆಲಸ. ನಗರಾಧಿಕಾರಿಯೂ ಅವನಿಗೆ ಎದ್ದು ನಿಲ್ಲುತ್ತಿದ್ದ. ಹೆರ್ಮೆರೋಸ್ ಬೆರಳು ಒರೆಸಿಕೊಂಡು, ಸಾವಕಾಶವಾಗಿ ಎದ್ದು ಬಂದ. ಕೂಗು ಅಡಗುವವರೆಗೆ ಕಾದ.

"ಬಹಳ ಚೆನ್ನಾಗಿ ಹೇಳಿದ್ರಿ," ಎಂದ ನುಮೀಸಿಯಸ್ಸನಿಗೆ. "ಆ ಪದ ಕೇಳಿ ಎಷ್ಟು ದಿನ ಆಗಿತ್ತು. ಕಾನೂನು ಅಂದ್ರೆ ಕಾನೂನು. ಪ್ರಜೆ ಟ್ರಿಬ್ಯೂನನ್ನ ಕರೆದ್ರೆ ನಿಲ್ಲಿಸಲೇಬೇಕು. ನಾನು ಒಪ್ತೀನಿ." ಆಮೇಲೆ ಸೈನಿಕರ ಕಡೆ ತಿರುಗಿ ಕೇಳಿದ: "ಕರೆದೋರು ಯಾರು?"

ಜನ ಮೇಕಿಯಾಳನ್ನು ಮುಂದಕ್ಕೆ ತಳ್ಳಿದರು. ಒಳ್ಳೆಯದಕ್ಕೇ ತಳ್ಳುತ್ತಿದ್ದೇವೆ ಎಂದುಕೊಂಡು, ನಗುತ್ತ.

"ನೀನೇನಮ್ಮ? ಹೆದರ್ಬೇಡ," ಎಂದ ಹೆರ್ಮೆರೋಸ್. ನಿಜಕ್ಕೂ ಮೃದುವಾದ ಧ್ವನಿ. "ಒಂದು ಸಣ್ಣ ವಿಷಯ ತಿಳ್ಕೋಬೇಕಾಗಿದೆ. ಊರಲ್ಲಿ ಟ್ರಿಬ್ಯೂನನ ಹಕ್ಕು ಇರೋದು ಬಹಳ ಜನಕ್ಕೆ. ಈ ಹತ್ತು ಜನ ಇದಾರೆ, ವರ್ಷ ಆದ್ಮೇಲೆ ಮನೆಗೆ ಹೋಗ್ತಾರೆ. ಮನೆಗೆ ಹೋಗದೇ ಇರೋರು ಒಬ್ರಿದಾರೆ, ನಮ್ಮೆಲ್ಲರ ಒಡೆಯರು. ಬಡವರ ಕೂಗು ಕೇಳೋಕೆ ಅಂತಲೇ ಅವರ ಮನೆತನ ಆ ಹಕ್ಕು ಹೊತ್ಕೊಂಡಿರೋದು. ನೀನು ಸೀಸರ್ ಅವರನ್ನ ಕರೆದಿದ್ರೆ, ಅವರು ಕೇಳಿಸ್ಕೊಂಡ್ರು ಅಂತ ಅವರ ಪರವಾಗಿ ನಾನು ಇಲ್ಲೇ ಹೇಳ್ತೀನಿ. ಒದ್ದೆ ಬಟ್ಟೆ ಹಾಕಿದ್ದನ್ನ ಕ್ಷಮಿಸಿದ್ರು. ನಿನ್ನ ಗಂಡನ್ನ ಕರ್ಕೊಂಡು ಮನೆಗೆ ಹೋಗ್ಬಹುದು."

ಗುಂಪು ಉಸಿರು ಬಿಟ್ಟಿತು.

"ಅಲ್ಲ, ಇವರನ್ನೇ ಕರೆದೆ ಅಂತಾದ್ರೆ," ಎಂದು ಮುಂದುವರಿಸಿದ, "ಸೀಸರ್ ಅವರ ವಿರುದ್ಧ ಇನ್ನೊಬ್ಬ ಟ್ರಿಬ್ಯೂನನ್ನ ಕರೆದ ಹಾಗಾಯ್ತು. ಆಗ ಬಟ್ಟೆ ಮಾತು ಮುಗೀತು, ಬೇರೆ ಮಾತು ಶುರುವಾಯ್ತು. ನಿನ್ನ ಗಂಡ, ನೀನು, ಇಬ್ರೂ. ಹೇಳು, ಕರೆದದ್ದು ಯಾರನ್ನ?"

ಮೇಕಿಯಾಳಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅರ್ಥವಾಗದೆ ಹೋಗಿದ್ದರೆ ಚೆನ್ನಾಗಿತ್ತು. ಅವಳು ಸೀಸರರ ಹೆಸರು ಹೇಳಿದರೆ ನುಮೀಸಿಯಸ್ಸನನ್ನು ಯಾರೂ ಕರೆದಿರಲಿಲ್ಲ ಎಂದಾಗುತ್ತದೆ. ಯಾರೂ ಕರೆಯದೆ, ತಾನಾಗಿಯೇ ಬಂದು, ಸೀಸರರ ಸೈನಿಕರಿಗೆ ಅಡ್ಡ ನಿಂತು, ಜನರನ್ನು ಕೂಗಿಸಿದವನು. ಅಂಥವನನ್ನು ಏನು ಮಾಡುತ್ತಾರೆಂದು ರೋಮಿನ ಹಸುಳೆಗಳಿಗೂ ಗೊತ್ತು.

ನುಮೀಸಿಯಸ್ಸನಿಗೂ ಗೊತ್ತಾಯಿತು. ನೆಟ್ಟಗಾಗಿದ್ದ ಬೆನ್ನು ಮತ್ತೆ ಬಾಗಿತು. ಅವನು ದೊಡ್ಡ ಮನಸ್ಸು ಮಾಡಿ ಕಣ್ಣಲ್ಲೇ "ಹೇಳಮ್ಮ, ಪರವಾಗಿಲ್ಲ" ಎಂದನೆಂದು ಆಮೇಲೆ ಸುಬುರಾದಲ್ಲಿ ಕತೆ ಕಟ್ಟಿದರು. ಅದು ಸುಳ್ಳು. ಅವನು ಅವಳ ಕಡೆ ಒಂದು ಹೆಜ್ಜೆ ಇಟ್ಟ.

"ಅಮ್ಮಾ," ಎಂದ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ. "ನೀನೇ ತಾನೇ ನನ್ನ ಮನೆಗೆ ಬಂದಿದ್ದು? ಹೇಳು. ನೀನು ಕರೆದೆ, ಅದಕ್ಕೇ ನಾನು ಬಂದೆ. ಅಷ್ಟು ಹೇಳು."

ಮೇಕಿಯಾ ಗಂಡನನ್ನು ನೋಡಿದಳು. ಅವನು ತಲೆ ಎತ್ತಿರಲಿಲ್ಲ. ಅವನ ಕಿವಿಯ ಹಿಂದೆ ಇನ್ನೂ ನಿನ್ನೆಯ ಸುಣ್ಣದ ಪುಡಿ ಅಂಟಿಕೊಂಡಿತ್ತು.

"ಸೀಸರ್ ಅವ್ರನ್ನ," ಎಂದಳು.

"ಜೋರಾಗಿ ಹೇಳಮ್ಮ. ಜನ ಎಲ್ಲ ಕೇಳಿಸ್ಕೊಳ್ಲಿ."

"ಸೀಸರ್ ಅವ್ರನ್ನ ಕರೆದೆ!" ಎಂದು ಮೇಕಿಯಾ ಗಂಟಲು ಹರಿದುಹೋಗುವಂತೆ ಕೂಗಿದಳು. "ಟ್ರಿಬ್ಯೂನ್ ಅಂದ್ರೆ ಸೀಸರ್! ಈ ಯಪ್ಪನ್ನ ನಾನು ಕರೆದಿಲ್ಲ!"

ಸ್ವಲ್ಪ ಹೊತ್ತಿನ ಹಿಂದೆ ಟ್ರಿಬ್ಯೂನ್ ಟ್ರಿಬ್ಯೂನ್ ಎಂದು ಕೂಗಿದ್ದ ಜನ ಈಗ "ಸೀಸರ್! ಸೀಸರ್!" ಎಂದು ಕೂಗಿದರು. ಬೇರೆ ಜನ ಬಂದಿರಲಿಲ್ಲ, ಅದೇ ಜನ. ಅತ್ತಿದ್ದ ಮುದುಕನೂ ಕೂಗಿದ, ಕಣ್ಣು ಒರೆಸಿಕೊಳ್ಳುತ್ತಲೇ. ಸೈನಿಕರು ಫಬೇರಿಯಸ್ಸನ ಕಟ್ಟು ಬಿಚ್ಚಿದರು. ಅದೇ ಹಗ್ಗವನ್ನು ಹಿಡಿದುಕೊಂಡು ಶತಾಧಿಪತಿ ನುಮೀಸಿಯಸ್ಸನ ಮುಂದೆ ನಿಂತ, ಹೆರ್ಮೆರೋಸ್ಸನ ಮುಖ ನೋಡಿದ. ಹೆರ್ಮೆರೋಸ್ ತಲೆಯಾಡಿಸಿದ. ಶತಾಧಿಪತಿ ಬೆಂಕಿಗೆ ಕೈ ಇಡುವವನಂತೆ ಕೈ ಚಾಚಿ ಟ್ರಿಬ್ಯೂನನ ಮಣಿಕಟ್ಟು ಹಿಡಿದ. ಏನೂ ಆಗಲಿಲ್ಲ. ಆಗ ಬಿಗಿಯಾಗಿ ಹಿಡಿದ.

ಮೇಕಿಯಾ ಗಂಡನನ್ನು ಹೆಗಲಿಗೆ ಹಾಕಿಕೊಂಡು ಸುಬುರಾ ಕಡೆಗೆ ನಡೆದಳು. ಹಿಂದಿರುಗಿ ನೋಡಲಿಲ್ಲ. ಟೆಟ್ಟಿಯಾ ಬೇಳೆ ಬೇಯಿಸಿ ತಂದಿಟ್ಟಳು, ಕೇರಿಯವರು ಬಂದು ಮೇಕಿಯಾಳ ಬುದ್ಧಿಯನ್ನು ಹೊಗಳಿ ಹೋದರು. ಎಂಥ ಉತ್ತರ ಕೊಟ್ಟೆ ಮಾರಾಯ್ತಿ ಎಂದರು. ಅವಳು ಬೇಳೆಯ ಬಟ್ಟಲನ್ನು ಹಾಗೇ ಮುಚ್ಚಿಟ್ಟಳು.

ಫಬೇರಿಯಸ್ ಬೋರಲಾಗಿ ಮಲಗಿದ್ದ. ಅವಳು ಬೆನ್ನಿಗೆ ಎಣ್ಣೆ ಸವರುವಾಗ ಒಂದೇ ಮಾತು ಕೇಳಿದ.

"ಆ ಮನುಷ್ಯ ತಾನಾಗೇ ಬಂದಿದ್ದಾ?"

"ನೀನು ಮಲ್ಕೋ," ಎಂದಳು.

ಅವನು ಮತ್ತೆ ಕೇಳಲಿಲ್ಲ. ತಿಳಿಯದೇ ಇರುವಷ್ಟು ದಡ್ಡನೇನಲ್ಲ. ಗಾಯ ಸ್ವಲ್ಪ ಮಾಗಿದ ಕೂಡಲೇ ಎದ್ದು ತೊಟ್ಟಿಗೆ ಇಳಿದ, ಬಾಯಿ ಮುಚ್ಚಿಕೊಂಡು ಬಟ್ಟೆ ತುಳಿಯತೊಡಗಿದ. ಮೇಕಿಯಾಳಿಗೆ ಈಗ ಅವನ ಬಾಯಿಯ ಹೆದರಿಕೆ ಇರಲಿಲ್ಲ. ಅವನ ಮೌನ ಅದಕ್ಕಿಂತ ಕೆಟ್ಟದಾಗಿತ್ತು. ಒಂದು ಪೋಲಿ ಮಾತಾದರೂ ಆಡು, ನನ್ನನ್ನು ಬೈದಾದರೂ ಬೈಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬದುಕಿ ಬಂದಿದ್ದಾನೆ, ಇನ್ನೇನು ಬೇಕು ಎಂದು ತನಗೆ ತಾನೇ ಗದರಿಕೊಂಡಳು. ಎರಡೂ ನಿಜವಾಗಿತ್ತು, ಎರಡರಿಂದಲೂ ನಿದ್ದೆ ಬರಲಿಲ್ಲ.

ಆಮೇಲೊಂದು ದಿನ ಬೆಳಿಗ್ಗೆ ಕ್ಲುವಿಯಾ ಬಂದಳು.

ಮೇಕಿಯಾ ಮೊದಲು ಗುರುತು ಹಿಡಿಯಲಿಲ್ಲ. ಮಾಸಿದ ಕಪ್ಪು ಸೆರಗು, ಬಾಚದ ಕೂದಲು. ದೊಡ್ಡಮನೆಯ ಹೆಂಗಸರು ಈ ಬೀದಿಗೆ ಬಂದರೆ ಉಚ್ಚೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ಇವಳಿಗೆ ವಾಸನೆ ಬಂದಂತೆಯೇ ಕಾಣಲಿಲ್ಲ. ಅಂಗಡಿಯ ಮುಂದೆ ನಿಂತು, ಒಳಗೆ ಬರಲೇ ಎಂದು ಕೇಳದೆ, ಮಾತಾಡತೊಡಗಿದಳು.

"ನಾಳೆ ಅವ್ರನ್ನ ಸೆನೆಟ್ ಮುಂದೆ ನಿಲ್ಲಿಸ್ತಾರೆ. ಆರೋಪ ಒಂದೇ. ಯಾರೂ ಕರೀದೆ ಬಂದ್ರು ಅನ್ನೋದು. ಕರೆದಿದ್ರೆ ಬರೋದು ಅವ್ರ ಕರ್ತವ್ಯ ಆಗಿತ್ತು, ಅದನ್ನ ಯಾರೂ ತಪ್ಪು ಅನ್ನೋಕಾಗಲ್ಲ. ನೀನು ಬಂದು ಹೇಳು. ನಾನು ಅವ್ರ ಮನೆಗೆ ಹೋಗಿದ್ದೆ, ಕಾಲು ಹಿಡಿದಿದ್ದೆ, ನಾನೇ ಕರೆದಿದ್ದು ಅಂತ. ಅಷ್ಟೇ. ಒಂದು ಮಾತು."

ಮೇಕಿಯಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ನೀರೆಲ್ಲ ಹೋಗಿತ್ತು, ಆದರೂ ಹಿಂಡುತ್ತಿದ್ದಳು.

"ನಿಮ್ಮಿಬ್ರಿಗೂ ಏನೂ ಆಗದ ಹಾಗೆ ನೋಡ್ಕೋತೀನಿ," ಎಂದಳು ಕ್ಲುವಿಯಾ. ಹೇಳುವಾಗಲೇ ಅವಳ ಧ್ವನಿ ಸೋತಿತು. ಏನು ನೋಡಿಕೊಳ್ಳುತ್ತಾಳೆ? ಗಂಡನನ್ನೇ ನೋಡಿಕೊಳ್ಳಲಾಗದವಳು. "ಇಲ್ಲ. ಸುಳ್ಳು ಹೇಳಲ್ಲ. ಆಗಬಹುದು. ಆದ್ರೂ ಬಾ. ನನ್ನ ಮಕ್ಕಳು ಇನ್ನೂ ಚಿಕ್ಕೋವು. ಅವತ್ತು ಅವ್ರು ಬರೋಕೆ ಒಪ್ಪಲಿಲ್ಲ, ನೀನೇ ನೋಡಿದ್ಯಲ್ಲ. ಕಳಿಸಿದ್ದು ನಾನು. ನಾನು ಕಳಿಸಿದ್ದು! ನಿನ್ನ ಮುಖ ನೋಡಿ ಕಳಿಸಿದ್ದು."

ಈ ಹೆಂಗಸಿನ ಕೈ ಹಿಡಿದು, ನಡೆಯವ್ವ, ಹೋಗೋಣ ಎನ್ನಬೇಕೆಂದು ಮೇಕಿಯಾಳ ಮೈಯೆಲ್ಲ ಹೇಳುತ್ತಿತ್ತು. ಒಳಗೆ ತೊಟ್ಟಿಯಲ್ಲಿ ಫಬೇರಿಯಸ್ ಬಟ್ಟೆ ತುಳಿಯುವ ಸದ್ದು ಕೇಳುತ್ತಿತ್ತು. ಒಂದು ಕಾಲು, ಇನ್ನೊಂದು ಕಾಲು.

"ನಾನು ಕರೆದಿದ್ದು ಸೀಸರ್ ಅವ್ರನ್ನ," ಎಂದಳು.

ಕ್ಲುವಿಯಾ ಅವಳನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಮೇಕಿಯಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಾದ್ರೆ ಅವತ್ತು ನನ್ನ ಮನೇಲಿ ಅತ್ತಿದ್ದು ಯಾರು?" ಎಂದು ಕೇಳಿದಳು ಕ್ಲುವಿಯಾ.

ಒಳಗಡೆ ತುಳಿಯುವ ಸದ್ದು ನಿಂತಿತು. "ಯಾರೇ ಅದು?" ಎಂದು ಫಬೇರಿಯಸ್ ಕೂಗಿದ.

"ಯಾರೂ ಇಲ್ಲ," ಎಂದಳು ಮೇಕಿಯಾ, ಕ್ಲುವಿಯಾಳ ಮುಖವನ್ನೇ ನೋಡುತ್ತ. "ಬಟ್ಟೆ ಕೊಡೋಕೆ ಯಾರೋ ಬಂದಿದ್ರು. ಹೋದ್ರು."

ಕ್ಲುವಿಯಾ ಇನ್ನೂ ಅಲ್ಲೇ ನಿಂತಿದ್ದಳು.